ಮಗನ ಕಣ್ಣಿಗೆ ಎರಡು ಚೀಟಿ, ಎರಡು ನಂಬರ್: ಯಾವುದನ್ನು ನಂಬೋದು?

ಪ್ರಶ್ನೆ: ಡಾಕ್ಟರೇ, ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮಗನಿಗೆ 10 ವರ್ಷ. ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿದವರು ದೂರದ್ದು ಕಮ್ಮಿ ಕಾಣುತ್ತೆ, ತೋರಿಸಿ ಅಂದರು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಕಂಪ್ಯೂಟರಿನಲ್ಲಿ ನೋಡಿ ಎರಡೂ ಕಣ್ಣಿಗೆ ಮೈನಸ್ 2.25 ಎಂದು ಚೀಟಿ ಕೊಟ್ಟರು. ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ನೋಡಿ ಮೈನಸ್ 1.50 ಬರೆದು, ಮೂರು ದಿನ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ಇಷ್ಟು ವ್ಯತ್ಯಾಸ ಯಾಕೆ? ಈಗಲೇ ಕನ್ನಡಕ ಹಾಕಿದರೆ ನಂಬರ್ ಏರುತ್ತಾ ಹೋಗುತ್ತೆ ಅಂತ ನಮ್ಮ ಮನೆಯವರಿಗೆ ಭಯ. ನಮ್ಮ ತಾಯಿಗೆ 66 ವರ್ಷ, ಶುಗರ್ ಇದೆ. ಅವರು ಈಗೀಗ ಕನ್ನಡಕ ಇಲ್ಲದೆಯೇ ಪೇಪರ್ ಓದುತ್ತಾರೆ, ಕಣ್ಣು ಚುರುಕಾಗಿದೆ ಅಂತ ಖುಷಿಯಾಗಿದ್ದಾರೆ. ನನಗೆ 43. ಪ್ಯಾಕೆಟ್ ಮೇಲಿನ ತಾರೀಖು ಓದಬೇಕಾದರೆ ಕೈ ಚಾಚಿ ಹಿಡಿಯಬೇಕು. ರಸ್ತೆ ಬದಿ ಸಿಗುವ ರೆಡಿಮೇಡ್ ಕನ್ನಡಕ ನಡೆಯುತ್ತಾ?

ಉತ್ತರ: ಡ್ರಾಪ್ಸ್ ಹಾಕಿ ನೋಡಿದ ಚೀಟಿಯನ್ನು ನಂಬಿ. ಆದರೆ ಅದನ್ನು ಹಿಡಿದುಕೊಂಡು ನೇರವಾಗಿ ಕನ್ನಡಕ ಮಾಡಿಸಬೇಡಿ, ಮೂರು ದಿನ ಬಿಟ್ಟು ಬನ್ನಿ ಅಂದಿದ್ದಾರಲ್ಲ, ಹೋಗಿ. ಕನ್ನಡಕದ ನಂಬರ್ ಆ ದಿನ ಗೊತ್ತಾಗುತ್ತದೆ.

ಎರಡು ಚೀಟಿಯ ನಡುವೆ ಮುಕ್ಕಾಲು ನಂಬರ್ ವ್ಯತ್ಯಾಸ ಬಂದಿರುವುದಕ್ಕೆ ಯಂತ್ರ ಕೆಟ್ಟಿರಬೇಕು, ಅಂಗಡಿಯವರು ಮೋಸ ಮಾಡಿರಬೇಕು ಅಂತೇನಿಲ್ಲ. ಹತ್ತು ವರ್ಷದ ಹುಡುಗನ ಕಣ್ಣಿನೊಳಗಿನ ಮಸೂರ ಬಹಳ ಮೆದು. ಹತ್ತಿರದ್ದನ್ನು ನೋಡುವಾಗ ಒಳಗಿನ ಸಣ್ಣ ಸ್ನಾಯು ಬಿಗಿಯಾಗಿ, ಮಸೂರ ಉಬ್ಬಿ, ಕಣ್ಣು ತನ್ನ ಪವರನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಕಂಪ್ಯೂಟರ್ ಎಂದು ಎಲ್ಲರೂ ಕರೆಯುವ ಆ ಯಂತ್ರದಲ್ಲಿ ಗದ್ದ ಇಟ್ಟು ಇಣುಕಿದರೆ ಒಳಗೆ ಒಂದು ಚಿತ್ರ ಕಾಣುತ್ತದೆ, ಸಾಮಾನ್ಯವಾಗಿ ರಸ್ತೆಯ ತುದಿಯಲ್ಲಿ ಒಂದು ಬಣ್ಣದ ಬಲೂನ್, ಇಲ್ಲವೇ ಒಂದು ಮನೆ. ಅದು ದೂರದಲ್ಲಿದೆ ಅನ್ನಿಸಿ ಕಣ್ಣು ಸಡಿಲವಾಗಲಿ ಎಂದು ಆ ಚಿತ್ರ ಇಟ್ಟಿರುತ್ತಾರೆ. ದೊಡ್ಡವರಲ್ಲಿ ಈ ಉಪಾಯ ಬಹುಮಟ್ಟಿಗೆ ನಡೆಯುತ್ತದೆ. ಮಕ್ಕಳಿಗೆ ಚಿತ್ರ ಮೂಗಿನ ಮುಂದಿರುವ ಡಬ್ಬಿಯೊಳಗಿದೆ ಎಂದು ಗೊತ್ತು! ಅವರು ಹತ್ತಿರದ್ದನ್ನು ನೋಡುವ ಹಾಗೇ ಕಣ್ಣು ಬಿಗಿ ಹಿಡಿಯುತ್ತಾರೆ. ಯಂತ್ರ ಆ ಬಿಗಿತವನ್ನೂ ಸೇರಿಸಿ ಅಳೆದು ಮೈನಸ್ ಹೆಚ್ಚಿಗೆ ತೋರಿಸುತ್ತದೆ. ಪ್ಲಸ್ ನಂಬರ್ ಇರುವ ಮಗುವಿಗೆ ಮೈನಸ್ ತೋರಿಸಿದ ಚೀಟಿಗಳೂ ನಮ್ಮ ಬಳಿ ಬರುತ್ತವೆ.

ಡ್ರಾಪ್ಸ್ ಆ ಸ್ನಾಯುವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುತ್ತದೆ. ಆಗ ಅಳೆದರೆ ಕಣ್ಣಿನ ನಿಜವಾದ ಲೆಕ್ಕ ಸಿಗುತ್ತದೆ. ಸೈಕ್ಲೊಪೆಂಟೊಲೇಟ್ ಹಾಕಿದರೆ ಹೆಚ್ಚುಕಮ್ಮಿ ಒಂದು ದಿನದಲ್ಲಿ ಇಳಿಯುತ್ತದೆ, ಹೋಮಟ್ರೋಪಿನ್ ಆದರೆ ಎರಡು ಮೂರು ದಿನ. ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಮೂರು ದಿನ ಹಚ್ಚಿಸುವ ಅಟ್ರೋಪಿನ್ ಮುಲಾಮಿನ ಪರಿಣಾಮ ಹತ್ತು ಹದಿನೈದು ದಿನ ಇರಬಹುದು. ನಿಮಗೆ ಮೂರು ದಿನ ಅಂದಿರುವುದನ್ನು ನೋಡಿದರೆ ಹೋಮಟ್ರೋಪಿನ್ ಇರಬೇಕು. ಅಲ್ಲಿಯವರೆಗೆ ಅವನಿಗೆ ಪುಸ್ತಕ ಮಸುಕು, ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಹೋಂವರ್ಕ್ ಮಾಡಿಲ್ಲವೆಂದು ಟೀಚರ್ ಬೈಯದ ಹಾಗೆ ಒಂದು ಮಾತು ಹೇಳಿ ಕಳಿಸಿ.

ಡ್ರಾಪ್ಸ್ ಇಳಿದ ಮೇಲಿನ ಪರೀಕ್ಷೆಯಲ್ಲಿ ಹುಡುಗನ ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮ್ ಕೂರಿಸಿ, ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಹಾಕಿ, 'ಇದು ಚೆನ್ನಾಗಿದೆಯೋ, ಇದೋ' ಎಂದು ಕೇಳುತ್ತಾರೆ. ಕೊನೆಯ ಸಾಲು ಓದಿಸುವ ಮೈನಸ್ ಗಾಜುಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಬರೆಯುವುದು ನಮ್ಮ ನಿಯಮ. 1.50ರಲ್ಲಿ ಓದಿದ ಹುಡುಗ 2.25ರಲ್ಲೂ ಓದುತ್ತಾನೆ, ಅಕ್ಷರ ಇನ್ನೂ ಕಪ್ಪಾಗಿ, ಚೂಪಾಗಿ ಕಾಣುತ್ತವೆ ಎಂದು ಹೇಳಲೂಬಹುದು. ಹೆಚ್ಚಾದ ಮುಕ್ಕಾಲು ನಂಬರನ್ನು ಅವನ ಕಣ್ಣಿನ ಸ್ನಾಯು ದಿನವಿಡೀ ದುಡಿದು ಸರಿದೂಗಿಸುತ್ತಿರುತ್ತದೆ. ಸಂಜೆ ಹೊತ್ತಿಗೆ ಹಣೆನೋವು, ಪುಸ್ತಕ ಹಿಡಿದರೆ ಬೇಜಾರು. ಮನೆಯಲ್ಲಿ ಓದಿನ ಕಳ್ಳ ಅನ್ನಿಸಿಕೊಳ್ಳುತ್ತಾನೆ. ಇದನ್ನು ಹಿಡಿಯಲು ಕೆಂಪು ಹಸಿರು ಬಣ್ಣದ ಮೇಲೆ ಕಪ್ಪು ಅಕ್ಷರ ಇರುವ ಒಂದು ಫಲಕ ಇದೆ. ಹಸಿರು ಭಾಗದ ಅಕ್ಷರವೇ ಸ್ಪಷ್ಟ ಎಂದರೆ ಮೈನಸ್ ಜಾಸ್ತಿಯಾಗಿದೆ, ಇಳಿಸಬೇಕು.

ಮೈನಸ್ 1.50 ಎಂದರೆ ಏನು ಎನ್ನುವುದೂ ನಿಮಗೆ ಗೊತ್ತಿರಲಿ. ಒಂದನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 0.66 ಮೀಟರ್ ಬರುತ್ತದೆ. ಕನ್ನಡಕ ಇಲ್ಲದೆ ನಿಮ್ಮ ಮಗನಿಗೆ 66 ಸೆಂಟಿಮೀಟರ್ ದೂರದವರೆಗೆ ಸ್ಪಷ್ಟ, ಅದರಾಚೆ ಎಲ್ಲ ಮಸುಕು. ಪುಸ್ತಕ ಕಾಣುತ್ತದೆ, ಬೋರ್ಡ್ ಕಾಣುವುದಿಲ್ಲ. ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ನಮ್ಮ ಕಡೆ ಮಕ್ಕಳು 'ಕಾಣ್ತಿಲ್ಲ' ಎಂದು ಬಂದು ಹೇಳುವುದು ಅಪರೂಪ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಟಿವಿಯ ಹತ್ತಿರ ಹೋಗಿ ನಿಲ್ಲುವುದು, ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡ್ ನೋಡುವುದು, ಪಕ್ಕದವನ ನೋಟ್ಸ್ ನೋಡಿ ಬರೆದುಕೊಳ್ಳುವುದು, ಇವೇ ಅವರು ಕೊಡುವ ದೂರು.

ಶಾಲೆಯಲ್ಲಿ ಅವನಿಗೆ ಮಾಡಿದ್ದು ಅಕ್ಷರದ ಫಲಕ ಓದಿಸುವ ಪರೀಕ್ಷೆ. ಈ ಫಲಕವನ್ನು 1862ರಲ್ಲಿ ಹಾಲೆಂಡಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ ಮಾಡಿದ್ದು, ಇವತ್ತಿಗೂ ಅದೇ ಲೆಕ್ಕ. ಆರು ಮೀಟರ್ ದೂರದಿಂದ ಓದಿಸುತ್ತೇವೆ. 6/6 ಎಂದರೆ ಆರು ಮೀಟರಿನಲ್ಲಿ ಕಾಣಬೇಕಾದ ಸಾಲು ಆರು ಮೀಟರಿನಲ್ಲೇ ಕಾಣುತ್ತಿದೆ. ಆ ಸಾಲಿನ ಅಕ್ಷರದ ಎತ್ತರ ಒಂಬತ್ತು ಮಿಲಿಮೀಟರಿಗಿಂತ ಒಂದಿಷ್ಟು ಕಡಿಮೆ. 6/60 ಎಂದರೆ ಬೇರೆಯವರು 60 ಮೀಟರಿನಿಂದ ಓದುವ ದೊಡ್ಡ ಅಕ್ಷರವನ್ನು ಇವರು ಆರಕ್ಕೆ ಬಂದು ಓದುತ್ತಿದ್ದಾರೆ. ಕೋಣೆ ಚಿಕ್ಕದಿದ್ದರೆ ಮೂರು ಮೀಟರಿನಲ್ಲಿ ಕನ್ನಡಿ ಇಟ್ಟು ದೂರ ಹೊಂದಿಸುತ್ತಾರೆ. ಕನ್ನಡ ಅಕ್ಷರದ ಫಲಕ ಇದೆ, ಓದು ಬಾರದವರಿಗೆ ಇಂಗ್ಲಿಷಿನ 'ಇ' ಆಕಾರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ ಫಲಕವೂ ಇದೆ, ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಮಕ್ಕಳ ಹತ್ತಿರ ಈ ಫಲಕವೂ ಮೋಸ ಹೋಗುತ್ತದೆ. ಸಾಲಿನಲ್ಲಿ ನಿಂತಾಗ ಮುಂದಿನವನು ಓದಿದ್ದು ಬಾಯಿಪಾಠವಾಗಿರುತ್ತದೆ. ಬೆರಳಿನಿಂದ ಕಣ್ಣು ಮುಚ್ಚಿಕೊಳ್ಳಲು ಹೇಳಿದರೆ ಸಂದಿಯಲ್ಲಿ ಇಣುಕುತ್ತಾರೆ, ಅಂಗೈಯಲ್ಲೇ ಮುಚ್ಚಿಸಬೇಕು. ಒಂದೊಂದೇ ಕಣ್ಣು ನೋಡುವುದರ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದರಲ್ಲಿ ದೊಡ್ಡ ನಂಬರ್ ಇದ್ದರೆ ಮಗು ಒಳ್ಳೆಯ ಕಣ್ಣಿನಲ್ಲೇ ಎಲ್ಲ ಸಂಭಾಳಿಸುತ್ತದೆ. ಉಪಯೋಗಿಸದ ಕಣ್ಣಿನ ಚಿತ್ರವನ್ನು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳದೆ, ಅದು ಸೋಮಾರಿ ಕಣ್ಣಾಗಿಬಿಡುತ್ತದೆ. ಏಳೆಂಟು ವರ್ಷದೊಳಗೆ ಸಿಕ್ಕರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ದಾರಿಗೆ ತರಬಹುದು. ಆಮೇಲೆ ಪ್ರಯತ್ನಿಸಬಾರದೆಂದಿಲ್ಲ, ಫಲ ಕಡಿಮೆ. ಸೇನೆಯ ಭರ್ತಿಗೋ ಪೊಲೀಸ್ ಕೆಲಸಕ್ಕೋ ಮೆಡಿಕಲ್‌ಗೆ ಹೋದಾಗ ಮೊದಲ ಸಲ ಇದು ಗೊತ್ತಾಗಿ ಅಳುತ್ತಾ ಬರುವ ಹುಡುಗರಿಗೆ ನಾವು ಮಾಡಿಕೊಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮ ಮಗನಿಗೆ ಎರಡೂ ಕಣ್ಣು ಸಮ ಇರುವುದು ಆ ಮಟ್ಟಿಗೆ ಸಮಾಧಾನದ ವಿಷಯ. ಮನೆಯಲ್ಲಿ ಇನ್ನೊಂದು ಚಿಕ್ಕ ಮಗು ಇದ್ದರೆ ಗೋಡೆಯ ಕ್ಯಾಲೆಂಡರನ್ನು ಒಂದೊಂದೇ ಕಣ್ಣಿನಲ್ಲಿ ಓದಿಸಿ ನೋಡಿ.

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ಭಯವನ್ನು ನಿಮ್ಮ ಮನೆಯವರು ಬಿಡಬೇಕು. ಹುಟ್ಟಿದ ಮಗುವಿನ ಕಣ್ಣಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರದು ಸುಮಾರು 24. ಬೆಳೆಯುವಾಗ ಅಗತ್ಯಕ್ಕಿಂತ ಒಂದು ಮಿಲಿಮೀಟರ್ ಉದ್ದವಾದರೆ ಸುಮಾರು ಮೂರು ನಂಬರ್ ಮೈನಸ್ ಬರುತ್ತದೆ. ನಿಮ್ಮ ಮಗನ ಕಣ್ಣು ಬೆಳೆದಿರುವುದು ಅರ್ಧ ಮಿಲಿಮೀಟರ್ ಜಾಸ್ತಿ, ಅಷ್ಟೇ. ಮೈ ಬೆಳೆಯುವ ವಯಸ್ಸಿನಲ್ಲಿ ಕಣ್ಣೂ ಬೆಳೆಯುತ್ತದೆ, ಕನ್ನಡಕ ಹಾಕಿದರೂ ಬೆಳೆಯುತ್ತದೆ, ಪೆಟ್ಟಿಗೆಯಲ್ಲಿಟ್ಟರೂ ಬೆಳೆಯುತ್ತದೆ. ಕಡಿಮೆ ನಂಬರ್ ಕೊಟ್ಟರೆ ಏರುವುದು ನಿಧಾನವಾಗುತ್ತದೆ ಎಂದು ಹಿಂದೆ ಕೆಲವು ವೈದ್ಯರೂ ನಂಬಿದ್ದರು, ಹಾಗಾಗುವುದಿಲ್ಲ ಎಂದು ಈಗ ಗೊತ್ತಾಗಿದೆ. ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಿಸಿ, ಎ ಜೀವಸತ್ವ ಕಡಿಮೆಯಾಗಿ ಬರುವ ಇರುಳುಗಣ್ಣಿಗೆ ಅವು ಒಳ್ಳೆಯವು. ಅರ್ಧ ಮಿಲಿಮೀಟರ್ ಬೆಳೆದ ಗುಡ್ಡೆಯನ್ನು ಯಾವ ಸೊಪ್ಪೂ ಹಿಂದಕ್ಕೆ ತಳ್ಳುವುದಿಲ್ಲ.

ಬಯಲಿನಲ್ಲಿ ಕಳೆಯುವ ಹೊತ್ತು ಮಾತ್ರ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಎರಡು ಗಂಟೆಯಷ್ಟು ಹೊರಗಿನ ಬೆಳಕಿನಲ್ಲಿರುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ದಾವಣಗೆರೆ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಕಳಿಸಿ ಅನ್ನುತ್ತಿಲ್ಲ, ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಟ್ಯೂಷನ್ನಿಗೆ ಮುಂಚೆ ಆಡಲಿ. ಟ್ಯೂಷನ್ ಬಿಡಿಸಿದರೂ ನನ್ನ ತಕರಾರಿಲ್ಲ. ಮೊಬೈಲನ್ನು ಮುಖದ ಹತ್ತಿರ ಹಿಡಿದು ಗಂಟೆಗಟ್ಟಲೆ ಮಲಗಿ ನೋಡುವುದು ತಪ್ಪಲಿ. ವರ್ಷಕ್ಕೊಮ್ಮೆ ಅಳೆಸಿ, ಬೇಗ ಬೇಗ ಏರುತ್ತಿದ್ದರೆ ತಡೆಯುವುದಕ್ಕೆ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ, ಅದನ್ನು ವೈದ್ಯರು ನೋಡಿ ನಿರ್ಧರಿಸಲಿ. ಮೈನಸ್ ಆರು ದಾಟಿದವರಿಗೆ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ತೆಳುವಾಗಿ ಹರಿಯುವ ಅಪಾಯ ಹೆಚ್ಚು.

ಇನ್ನೊಂದು ಕೇಳಲೇಬೇಕು: ಮಗ ಕಣ್ಣು ಉಜ್ಜಿಕೊಳ್ಳುತ್ತಾನಾ? ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಒಣ ಗಾಳಿ ಧೂಳಿಗೆ ಗಂಡುಮಕ್ಕಳಲ್ಲಿ ಕಣ್ಣಿನ ಅಲರ್ಜಿ ಹೆಚ್ಚು, ಬೇಸಿಗೆ ಬಂದರೆ ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾರೆ. ಹಾಗೆ ಉಜ್ಜುವುದರಿಂದ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ತೆಳುವಾಗಿ, ಮುಂದಕ್ಕೆ ಚೂಪಾಗಿ, ಸಿಲಿಂಡರ್ ನಂಬರ್ ಏರುತ್ತಾ ಹೋಗಬಹುದು. (ಒಂದು ದಿಕ್ಕಿನ ಬಾಗು ಇನ್ನೊಂದು ದಿಕ್ಕಿಗಿಂತ ಹೆಚ್ಚಿದ್ದಾಗ ಬರುವ ನಂಬರ್ ಅದು. ಚೀಟಿಯಲ್ಲಿ ಅದರ ಪಕ್ಕ 90, 180 ಎಂದಿರುವುದು ದಿಕ್ಕು, ಅದನ್ನು ನೋಡಿ 'ನೂರೆಂಬತ್ತು ನಂಬರ್ ಬಂದಿದೆ' ಎಂದು ಗಾಬರಿಯಾದವರಿದ್ದಾರೆ.) ಅಲರ್ಜಿಗಿಂತ ಹೆಚ್ಚು ಹೆದರಿಕೆ ನನಗೆ ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡ್ರಾಪ್ಸಿನದು. ಹಾಕಿದ ಎರಡೇ ದಿನಕ್ಕೆ ಕೆಂಪು ಇಳಿದರೆ ಅದರಲ್ಲಿ ಸ್ಟೀರಾಯ್ಡ್ ಇದ್ದಿರಬಹುದು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದನ್ನೇ ಹಾಕಿಸಿಕೊಂಡ ಮಕ್ಕಳಿಗೆ ಕಣ್ಣಿನ ಒತ್ತಡ ಏರಿ ನರ ಸತ್ತಿರುವುದನ್ನು, ಪೊರೆ ಬಂದಿರುವುದನ್ನು ಕಣ್ಣಿನ ವೈದ್ಯರೆಲ್ಲ ನೋಡಿದ್ದಾರೆ. ಭತ್ತದ ಕೊಯ್ಲಿನಲ್ಲಿ ತೆನೆಯ ಮುಳ್ಳೋ, ಮೆಕ್ಕೆಜೋಳದ ಗರಿಯೋ ತಾಗಿ ಕಣ್ಣು ಕೆಂಪಾದಾಗಲೂ ಇದೇ ಕಥೆ. ಗಾಯಕ್ಕೆ ಶಿಲೀಂಧ್ರ ಸೋಂಕು ಹತ್ತಿರುತ್ತದೆ, ಸ್ಟೀರಾಯ್ಡ್ ಹಾಕಿದರೆ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ಕೊನೆಗೆ ಗುಡ್ಡೆಯ ಮೇಲೆ ಬಿಳಿ ಹೂ ಉಳಿಯುತ್ತದೆ. ನೋವು, ಕೆಂಪು, ಬೆಳಕು ನೋಡಲಾಗದ ಕಣ್ಣನ್ನು ಕನ್ನಡಕದ ಅಂಗಡಿಗೂ ಒಯ್ಯಬೇಡಿ, ಮೆಡಿಕಲ್ ಶಾಪಿಗೂ ಒಯ್ಯಬೇಡಿ.

ಈಗ ನಿಮ್ಮ ತಾಯಿಯ ವಿಷಯ. ಅವರ ಖುಷಿ ಕೆಡಿಸುವುದು ನನಗೆ ಇಷ್ಟವಿಲ್ಲ, ಆದರೆ ಮೂವರಲ್ಲಿ ಮೊದಲು ಆಸ್ಪತ್ರೆಗೆ ಬರಬೇಕಾದವರು ಅವರೇ. ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕನ್ನಡಕ ಬೇಡವಾದರೆ, ಹೆಚ್ಚಾಗಿ ಮಸೂರದ ನಡುಭಾಗ ಗಟ್ಟಿಯಾಗುತ್ತಾ ಪೊರೆ ಬೆಳೆಯುತ್ತಿದೆ ಎಂದರ್ಥ. ಗಟ್ಟಿಯಾದ ಮಸೂರ ಕಣ್ಣನ್ನು ಮೈನಸ್ ಕಡೆಗೆ ಎಳೆಯುತ್ತದೆ, ಹತ್ತಿರದ್ದು ಕನ್ನಡಕ ಇಲ್ಲದೆ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಬೀದಿಯ ಆ ತುದಿಯಿಂದ ಬರುವವರ ಗುರುತು ಸಿಗುತ್ತಾ, ರಾತ್ರಿ ಎದುರು ಗಾಡಿಯ ಲೈಟು ಚದುರಿದಂತೆ ಕಾಣುತ್ತಾ ಎಂದು ಕೇಳಿ ನೋಡಿ. ಶುಗರ್ ಏರಿಳಿದರೂ ನಂಬರ್ ಹೀಗೇ ಓಲಾಡುತ್ತದೆ. ಅದಕ್ಕೇ ಶುಗರ್ ಹತೋಟಿಗೆ ಬಾರದೆ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ.

ಪೊರೆಯಾದರೆ ಆಪರೇಷನ್ ಇದೆ, ಹೆದರುವಂಥದ್ದಲ್ಲ. 'ಹಣ್ಣಾಗಲಿ', 'ಬೇಸಿಗೆ ಕಳೆಯಲಿ' ಎಂದು ಕಾಯುವ ಕಾಲ ಹೋಯಿತು, ದಿನದ ಕೆಲಸಕ್ಕೆ ಅಡ್ಡಿಯಾಗತೊಡಗಿದರೆ ಮಾಡಿಸಬಹುದು. ನನಗಿರುವ ಚಿಂತೆ ಶುಗರಿನದು. ಸಕ್ಕರೆ ಕಾಯಿಲೆ ರೆಟಿನಾದ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ, ಮೊದಮೊದಲು ನೋವೂ ಇಲ್ಲ, ಮಸುಕೂ ಇಲ್ಲ. 6/6 ಓದುವವರಲ್ಲೂ ಒಳಗೆ ರಕ್ತ ಜಿನುಗಿರುತ್ತದೆ. ಹೊತ್ತಿಗೆ ಸರಿಯಾಗಿ ಕಂಡರೆ ಲೇಸರ್, ಇಂಜೆಕ್ಷನ್ ಇವೆ. ಸಕ್ಕರೆ ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷ ವರ್ಷ, ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿಸಿ ರೆಟಿನಾ ನೋಡಿಸಲೇಬೇಕು. ನಿಮ್ಮ ತಾಯಿಗೆ ಇದುವರೆಗೆ ಆಗಿದೆಯಾ? ನೀವು ಬರೆದಿಲ್ಲ, ಹಾಗಾಗಿ ಆಗಿಲ್ಲ ಎಂದೇ ಹಿಡಿಯುತ್ತೇನೆ.

ನಿಮ್ಮದು ಚಾಳೀಸು, ಕಾಯಿಲೆ ಅಲ್ಲ. ಮಗನ ಮಸೂರ ಮೆದು ಎಂದೆನಲ್ಲ, ನಿಮ್ಮದು ವಯಸ್ಸಿಗೆ ತಕ್ಕ ಹಾಗೆ ಗಡುಸಾಗಿ ಉಬ್ಬುವುದು ಕಡಿಮೆಯಾಗಿದೆ. ಓದುವುದಕ್ಕೆ ನಲವತ್ತರ ಹೊತ್ತಿಗೆ ಪ್ಲಸ್ 1, ಅರವತ್ತರ ಹೊತ್ತಿಗೆ ಪ್ಲಸ್ 2.50 ಬೇಕಾಗುತ್ತದೆ. ದೂರದ ನೋಟ ಎರಡೂ ಕಣ್ಣಿಗೆ ಸಮನಾಗಿ ಚೆನ್ನಾಗಿದ್ದು, ಸಿಲಿಂಡರ್ ಇಲ್ಲದಿದ್ದರೆ ರೆಡಿಮೇಡ್ ಕನ್ನಡಕದಿಂದ ಕಣ್ಣು ಹಾಳಾಗುವುದಿಲ್ಲ. ಗಲ್ಲಾ ಪೆಟ್ಟಿಗೆ ಹತ್ತಿರ ಒಂದು ಇಟ್ಟುಕೊಳ್ಳಿ. ತೊಂದರೆ ಎಲ್ಲಿ ಅಂದರೆ, ಕನ್ನಡಕ ಸಿಕ್ಕಿತು, ಇನ್ನು ಕಣ್ಣು ತೋರಿಸುವುದೇಕೆ ಎಂದು ಜನ ಆಸ್ಪತ್ರೆಗೇ ಬರುವುದಿಲ್ಲ. ನಲವತ್ತು ದಾಟಿದವರಲ್ಲಿ ನಾವು ಹುಡುಕುವುದು ಗ್ಲಾಕೋಮಾ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಅದು ಏರಿ ನರ ಸವೆಯುವಾಗ ಮೊದಲು ಪಕ್ಕದ ನೋಟ ಹೋಗುತ್ತದೆ, ಎದುರಿನ ಅಕ್ಷರ ಕಾಣುತ್ತಲೇ ಇರುತ್ತದೆ. ಒತ್ತಡ ಮಾಮೂಲಿ ಇದ್ದೂ ನರ ಸವೆಯುವವರಿದ್ದಾರೆ, ಅದಕ್ಕೆ ಒತ್ತಡ ಅಳೆದರೆ ಸಾಲದು, ನರವನ್ನೂ ನೋಡಬೇಕು. ಹೋದ ನೋಟ ಮರಳಿ ಬರುವುದಿಲ್ಲ. ತಂದೆ, ತಾಯಿ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಇದ್ದರೆ ಮೊದಲೇ ಹೇಳಿ.

ಕನ್ನಡಕದ ಅಂಗಡಿಯ ಬಗ್ಗೆ ಒಂದು ನ್ಯಾಯದ ಮಾತು: ಅಲ್ಲಿ ಕೂತಿರುವವರು ಓದಿದ ಆಪ್ಟೋಮೆಟ್ರಿಸ್ಟ್ ಆಗಿದ್ದು, ಯಂತ್ರದ ಚೀಟಿಯನ್ನು ಪಕ್ಕಕ್ಕಿಟ್ಟು, ಕತ್ತಲೆಯಲ್ಲಿ ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸಿ, ಗಾಜು ಬದಲಾಯಿಸಿ ಕೇಳುತ್ತಿದ್ದರೆ ದೊಡ್ಡವರ ನಂಬರಿಗೆ ಅದು ಸಾಕು. ತಿಳಿದವರು ಮಸುಕು ಕಂಡರೆ ಸೂಜಿತೂತಿನ ಕಪ್ಪು ಬಿಲ್ಲೆ ಕೊಟ್ಟು ಅದರೊಳಗಿಂದ ಓದಿಸುತ್ತಾರೆ. ತೂತಿನಲ್ಲಿ ಓದು ಸುಧಾರಿಸಿದರೆ ಕನ್ನಡಕದಿಂದ ಸರಿಹೋಗುವ ತೊಂದರೆ, ಸುಧಾರಿಸದಿದ್ದರೆ ಪೊರೆಯೋ ರೆಟಿನಾವೋ ನರವೋ ನೋಡಬೇಕು ಎಂದು ಆಸ್ಪತ್ರೆಗೆ ಕಳಿಸುತ್ತಾರೆ. ಯಂತ್ರ ಕೊಟ್ಟ ನಂಬರನ್ನು ಹಾಗೇ ಗಾಜಿಗೆ ಇಳಿಸುವವರ ಹತ್ತಿರ ಮಾತ್ರ ಹೋಗಬೇಡಿ. ಫ್ರೇಮ್ ನೀವು ಎಲ್ಲಿಯಾದರೂ ಕೊಳ್ಳಿ, ಆಡುವ ಹುಡುಗನಿಗೆ ಒಡೆದು ಚೂರಾಗದ ಪಾಲಿಕಾರ್ಬೊನೇಟ್ ಗಾಜು ಕೇಳಿ.

ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ, ಮಗನಿಗೆ ಡ್ರಾಪ್ಸ್ ಹಾಕಿದ ಆಸ್ಪತ್ರೆಗೋ, ಮಗನ ಎರಡನೇ ಪರೀಕ್ಷೆಯ ದಿನವೇ ನೀವೂ ತಾಯಿಯೂ ಹೋಗಬಹುದು. ಹಳೆಯ ಚೀಟಿ, ಹಳೆಯ ಕನ್ನಡಕ, ತಾಯಿಯ ಶುಗರ್ ರಿಪೋರ್ಟ್, ಅವರು ಹಾಕುತ್ತಿರುವ ಡ್ರಾಪ್ಸ್ ಯಾವುದಾದರೂ ಇದ್ದರೆ ಅದರ ಬಾಟಲಿ, ಎಲ್ಲ ಒಂದು ಚೀಲದಲ್ಲಿ ಇರಲಿ. ಅಂದು ತಾಯಿಗೆ, ಬಹುಶಃ ನಿಮಗೂ ಪಾಪೆ ಅಗಲಿಸುವ ಡ್ರಾಪ್ಸ್ ಹಾಕುತ್ತಾರೆ. ನಾಲ್ಕರಿಂದ ಆರು ಗಂಟೆ ಕಣ್ಣು ಮಂಜು, ಬಿಸಿಲು ಚುಚ್ಚುತ್ತದೆ, ಬಿಲ್ ಬರೆಯಲಾಗುವುದಿಲ್ಲ. ಅಂಗಡಿಗೆ ಬೇರೆಯವರನ್ನು ಕೂರಿಸಿ, ಗಾಡಿ ಓಡಿಸುವುದಕ್ಕೆ ಡ್ರಾಪ್ಸ್ ಹಾಕಿಸಿಕೊಳ್ಳದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.